ರೋಮಿನ ಇಟ್ಟಿಗೆ ಗೋಡೆಯ ಒಳಗೆ ಏನಿದೆ?

ರೋಮ್ ನಗರದಿಂದ ದಕ್ಷಿಣಕ್ಕೆ ಹೊರಡುವ ಹಳೆಯ ಆಪಿಯಾ ರಸ್ತೆಯ ಎರಡೂ ಬದಿಗೆ ಗೋರಿಗಳಿವೆ. ಎಷ್ಟೋ ಗೋರಿಗಳಿಗೆ ಈಗ ಮೈಮೇಲೆ ಏನೂ ಇಲ್ಲ. ಹೊರಗೆ ಹೊದಿಸಿದ್ದ ಅಮೃತಶಿಲೆ, ಚೌಕದ ಕಲ್ಲು, ಇಟ್ಟಿಗೆ ಎಲ್ಲವನ್ನೂ ನೂರಾರು ವರ್ಷ ಜನ ಕಿತ್ತುಕೊಂಡು ಹೋಗಿ ತಮ್ಮ ಕಟ್ಟಡಗಳಿಗೆ ಬಳಸಿಕೊಂಡರು. ಉಳಿದಿರುವುದು ಕಲ್ಲಿನ ಚೂರು ಮತ್ತು ಗಾರೆ ಸೇರಿ ಗಟ್ಟಿಯಾದ ಒಂದು ದೊಡ್ಡ ಗುಪ್ಪೆ. ನೋಡಲು ಚೆಂದವೇನಿಲ್ಲ. ಆದರೆ ಸುಮಾರು ಎರಡು ಸಾವಿರ ವರ್ಷದಿಂದ ಹಾಗೇ ನಿಂತಿದೆ.

ಇದು ಮೊದಲ ನೋಟಕ್ಕೆ ವಿಚಿತ್ರ ಅನಿಸುತ್ತದೆ, ಅಲ್ವಾ? ನಮ್ಮ ಮನೆಯ ಗೋಡೆಯಿಂದ ಇಟ್ಟಿಗೆಗಳನ್ನು ಕಿತ್ತರೆ ಗೋಡೆಯೇ ಇರುವುದಿಲ್ಲ. ರೋಮನ್ನರ ಗೋಡೆಯಿಂದ ಇಟ್ಟಿಗೆ ಕಿತ್ತರೂ ಗೋಡೆ ಉಳಿಯುತ್ತದೆ. ಅವರ ಗೋಡೆಯಲ್ಲಿ ಇಟ್ಟಿಗೆ ಇರುವುದು ಚರ್ಮದ ಹಾಗೆ, ಹೊರಮೈಯಲ್ಲಿ ಮಾತ್ರ. ಮಾಂಸ, ಮೂಳೆ ಎಲ್ಲ ಒಳಗಿನ ಕಾಂಕ್ರೀಟು. ಈ ಒಂದು ಮಾತು ಮನಸ್ಸಿಗೆ ಬಂದರೆ ರೋಮನ್ ಕಟ್ಟಡಗಳ ಬಗ್ಗೆ ಗೊಂದಲ ಅನಿಸುವ ಎಷ್ಟೋ ಸಂಗತಿ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಗಾರೆಯನ್ನು ನೋಡೋಣ. ಎಲ್ಲದಕ್ಕೂ ಬುಡ ಅದೇ.

ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟರೆ ಸುಟ್ಟ ಸುಣ್ಣ ಸಿಗುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳು ಬೆರೆಸಿದರೆ ಗಾರೆ. ಈ ಸಾದಾ ಗಾರೆ ಗಟ್ಟಿಯಾಗುವುದು ಗಾಳಿಯ ಸಹಾಯದಿಂದ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಸುಣ್ಣ ಮತ್ತೆ ಕಲ್ಲಾಗುತ್ತದೆ. ತೆಳು ಗೋಡೆಗೆ ಇದು ಸಾಕು. ಗೋಡೆ ಒಂದು ಮೀಟರ್, ಎರಡು ಮೀಟರ್ ದಪ್ಪ ಇದ್ದರೆ? ನಡುಭಾಗಕ್ಕೆ ಗಾಳಿ ಹೋಗುವುದೇ ಕಷ್ಟ. ಹೊರಗೆ ಕಲ್ಲಾದ ಗಾರೆ ಒಳಗೆ ವರ್ಷಗಟ್ಟಲೆ ಮೆತ್ತಗೇ ಇರಬಹುದು.

ರೋಮನ್ನರಿಗೆ ಇದರಿಂದ ಪಾರಾಗುವ ದಾರಿ ನೆಲದಲ್ಲೇ ಸಿಕ್ಕಿತು. ನೇಪಲ್ಸ್ ಹತ್ತಿರದ ಪೊತ್ಸುವೋಲಿ ಊರಿನ ಸುತ್ತ, ರೋಮಿನ ಸುತ್ತಮುತ್ತ ಕೂಡ, ಹಳೆಯ ಜ್ವಾಲಾಮುಖಿಗಳು ಉಗುಳಿದ ಬೂದಿ ನೆಲದಡಿ ಪದರ ಪದರವಾಗಿ ಬಿದ್ದಿದೆ. ಆ ಊರಿನ ಹೆಸರಿನಿಂದಲೇ ಅದಕ್ಕೆ ಪೊತ್ಸೊಲಾನ ಎಂಬ ಹೆಸರು ಬಂತು. ಈ ಬೂದಿಯಲ್ಲಿ ಸಿಲಿಕಾ ಮತ್ತು ಅಲ್ಯೂಮಿನಾ ಇರುತ್ತವೆ. ನೀರಿದ್ದರೆ ಸಾಕು, ಅವು ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತವೆ. ಗಾಳಿ ಬೇಕಿಲ್ಲ. ಹಾಗಾಗಿ ದಪ್ಪ ಗೋಡೆಯ ನಡುಭಾಗವೂ ಗಟ್ಟಿಯಾಗುತ್ತದೆ, ಸಮುದ್ರದ ನೀರಿನ ಕೆಳಗೆ ಹಾಕಿದ ಕಟ್ಟೆಯೂ ಗಟ್ಟಿಯಾಗುತ್ತದೆ. ಬೂದಿ ಸಿಗದ ಕಡೆ ಇಟ್ಟಿಗೆ, ಹೆಂಚುಗಳನ್ನು ಪುಡಿ ಮಾಡಿ ಸುಣ್ಣಕ್ಕೆ ಬೆರೆಸುತ್ತಿದ್ದರು. ನೀರಿನ ತೊಟ್ಟಿ, ಸ್ನಾನಗೃಹದ ನೆಲಕ್ಕೆಲ್ಲ ಇದೇ. ಇದು ನಮಗೆ ಹೊಸದಲ್ಲ, ಇದೇ ನಮ್ಮ ಸುರ್ಕಿ ಗಾರೆ. ಕನ್ನಂಬಾಡಿ ಕಟ್ಟೆ ನಿಂತಿರುವುದು ಕಲ್ಲು ಮತ್ತು ಸುರ್ಕಿ ಗಾರೆಯ ಮೇಲೆ. ಸುಟ್ಟ ಮಣ್ಣಿನ ಪುಡಿಯೂ ಜ್ವಾಲಾಮುಖಿಯ ಬೂದಿಯೂ ಸುಣ್ಣಕ್ಕೆ ಮಾಡುವ ಉಪಕಾರ ಒಂದೇ.

ಈಗ ಗೋಡೆ ಕಟ್ಟುವ ಕ್ರಮಕ್ಕೆ ಬರೋಣ. ರೋಮನ್ ಕಾಂಕ್ರೀಟ್ ಅಂದಾಗ ನಮ್ಮ ಕಣ್ಣಿಗೆ ಬರುವುದು ಮಿಕ್ಸರಿನಿಂದ ಸುರಿಯುವ ತೆಳ್ಳಗಿನ ಕಾಂಕ್ರೀಟು. ಅವರದು ಹಾಗಿರಲಿಲ್ಲ. ಗಾರೆ ಗಟ್ಟಿಯಾಗಿ ಕಲಸಿರುತ್ತಿತ್ತು. ಅದನ್ನು ಒಂದು ಪದರ ಹಾಕಿ, ಅದರೊಳಗೆ ಮುಷ್ಟಿ ಗಾತ್ರದ ಕಲ್ಲುಗಳನ್ನು, ಒಡೆದ ಇಟ್ಟಿಗೆ ಹೆಂಚುಗಳನ್ನು ಕೈಯಿಂದಲೇ ಕೂರಿಸುತ್ತಿದ್ದರು. ಮೇಲೆ ಮತ್ತೆ ಗಾರೆ, ಮತ್ತೆ ಕಲ್ಲು. ಈ ಕಲ್ಲು ಚೂರುಗಳಿಗೆ ಅವರ ಲ್ಯಾಟಿನ್ ಭಾಷೆಯಲ್ಲಿ ಕೈಮೆಂಟಾ ಎಂದು ಹೆಸರು. ನಾವು ದಿನಾ ಆಡುವ ಸಿಮೆಂಟ್ ಎಂಬ ಮಾತು ಹುಟ್ಟಿದ್ದು ಇದರಿಂದ. ಆಗ ಕಲ್ಲಿಗೆ ಇದ್ದ ಹೆಸರು ಕಾಲ ಕಳೆದಂತೆ ಕಲ್ಲನ್ನು ಅಂಟಿಸುವ ಪುಡಿಗೆ ಹೋಯಿತು.

ಆದರೆ ಹೀಗೆ ಹಾಕಿದ ಗಾರೆ, ಕಲ್ಲು ಬದಿಗೆ ಜಾರದೆ ನಿಲ್ಲಬೇಕಲ್ಲ? ಪಾಯದಲ್ಲಾದರೆ ಎರಡೂ ಕಡೆ ಮರದ ಹಲಗೆ ನಿಲ್ಲಿಸುತ್ತಿದ್ದರು. ರೋಮಿನ ಪಾಲಟೈನ್ ಗುಡ್ಡದಲ್ಲಿರುವ ಅರಮನೆಗಳ ಪಾಯದ ಮೇಲೆ ಆ ಹಲಗೆ, ಕಂಬಗಳ ಅಚ್ಚು ಇವತ್ತಿಗೂ ಕಾಣುತ್ತದೆ. ಮರ ಎಂದೋ ಹೋಯಿತು, ಅದರ ಗುರುತು ಕಾಂಕ್ರೀಟಿನಲ್ಲಿ ಉಳಿಯಿತು. ನೆಲದ ಮೇಲಿನ ಗೋಡೆಗೆ ಮಾತ್ರ ಅವರು ಹಲಗೆ ಕಟ್ಟುತ್ತಿರಲಿಲ್ಲ. ಅದರ ಬದಲು ಎರಡೂ ಬದಿಗೆ ಸಣ್ಣ ಕಲ್ಲು ಅಥವಾ ಇಟ್ಟಿಗೆಯ ತೆಳು ಸಾಲು ಕಟ್ಟುತ್ತಾ, ನಡುವಿನ ಜಾಗವನ್ನು ತುಂಬುತ್ತಾ ಮೇಲೇರುತ್ತಿದ್ದರು. ಹೊರಗಿನ ಸಾಲೇ ಸೆಂಟ್ರಿಂಗ್ ಹಲಗೆಯ ಕೆಲಸ ಮಾಡುತ್ತಿತ್ತು. ಬಿಚ್ಚುವ ತಾಪತ್ರಯವೂ ಇಲ್ಲ. ಗೋಡೆಯ ಜೊತೆಯಲ್ಲೇ ಅಂಟಿಕೊಂಡು ಅದರ ಭಾಗವಾಗಿ ಉಳಿಯುತ್ತಿತ್ತು.

ರೋಮನ್ ಗೋಡೆಗಳಿಗೆ ಪುಸ್ತಕಗಳಲ್ಲಿ ಕಾಣುವ ಉದ್ದುದ್ದ ಹೆಸರುಗಳು ಮುಖ್ಯವಾಗಿ ಈ ಹೊರಸಾಲಿನ ಹೆಸರುಗಳು. ಒಳಗಿನ ಕಾಂಕ್ರೀಟು ಎಲ್ಲದರಲ್ಲೂ ಹೆಚ್ಚು ಕಡಿಮೆ ಒಂದೇ. ಚರ್ಮ ಮಾತ್ರ ಬೇರೆ ಬೇರೆ. ಪ್ರತಿ ಹೆಸರಿನ ಮುಂದೆ ಬರುವ ಓಪುಸ್ ಎಂಬ ಮಾತಿಗೆ ಕೆಲಸ ಎಂದು ಅರ್ಥ. ನಮ್ಮ ಮೇಸ್ತ್ರಿಗಳು ಕಲ್ಲು ಕೆಲಸ, ಗಾರೆ ಕೆಲಸ ಅಂದ ಹಾಗೆ.

ಇದಕ್ಕೂ ಮುಂಚೆ ಗಾರೆಯೇ ಇಲ್ಲದೆ ದೊಡ್ಡ ಚೌಕದ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟುತ್ತಿದ್ದರು. ಕ್ರಿ.ಪೂ. 4ನೇ ಶತಮಾನದ ಸರ್ವಿಯನ್ ಕೋಟೆಗೋಡೆ ಹಾಗಿದೆ. ಅದರ ಒಂದು ತುಂಡು ರೋಮಿನ ಮುಖ್ಯ ರೈಲು ನಿಲ್ದಾಣದ ಪಕ್ಕದಲ್ಲೇ ಸಿಗುತ್ತದೆ. ಅಂಥ ಕಲ್ಲನ್ನು ಕಡಿಯಬೇಕು, ಸಾಗಿಸಬೇಕು, ಎತ್ತಬೇಕು. ಕಾಂಕ್ರೀಟು ಬಂದಮೇಲೆ ಒಬ್ಬ ಆಳು ಒಂದು ಕೈಯಲ್ಲಿ ಹಿಡಿಯಬಹುದಾದ ಕಲ್ಲು ಸಾಕಾಯಿತು.

ಮೊದಲು ಬಂದ ಹೊರಸಾಲು ಓಪುಸ್ ಇನ್ಸೆರ್ಟುಮ್. ಅಂಕುಡೊಂಕಿನ ಸಣ್ಣ ಕಲ್ಲುಗಳನ್ನು, ಚಪ್ಪಟೆ ಮುಖ ಹೊರಗೆ ಮಾಡಿ, ಸಿಕ್ಕ ಹಾಗೆ ಹೊಂದಿಸುವುದು. ಕ್ರಿ.ಪೂ. 2ನೇ ಶತಮಾನದ ಕೆಲಸಗಳಲ್ಲಿ ಇದೇ ಜಾಸ್ತಿ. ರೋಮಿನ ಪೂರ್ವಕ್ಕಿರುವ ಪಾಲೆಸ್ಟ್ರೀನದಲ್ಲಿ ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಫೋರ್ಚುನಾ ದೇವತೆಯ ದೇವಸ್ಥಾನ ಇದಕ್ಕೆ ಒಳ್ಳೆಯ ಉದಾಹರಣೆ.

ಆಮೇಲೆ ಕಲ್ಲುಗಳು ಒಂದೇ ಅಳತೆಗೆ ಬರತೊಡಗಿದವು. ಅದೇ ಓಪುಸ್ ರೆಟಿಕ್ಯುಲಾಟುಮ್, ಅಂದರೆ ಬಲೆಯಂಥ ಕೆಲಸ. ನನಗೆ ಇದರ ಮೇಲೆ ವಿಶೇಷ ಪ್ರೀತಿ. ಜ್ವಾಲಾಮುಖಿ ಬೂದಿ ಗಟ್ಟಿಯಾಗಿ ಆದ ಮೆದು ಕಲ್ಲು ಅಲ್ಲಿ ಬೇಕಾದಷ್ಟು ಸಿಗುತ್ತದೆ, ಅದರ ಹೆಸರು ಟೂಫ. ಅದನ್ನು ತುದಿ ಮೊಂಡಾದ ಪುಟ್ಟ ಪಿರಮಿಡ್ಡಿನ ಹಾಗೆ ಕಡಿಯುತ್ತಿದ್ದರು. ಚೌಕದ ಬುಡ ಹೊರಗೆ, ಮೊನೆ ಒಳಗೆ. ಆ ಚೌಕವನ್ನೂ ನೆಟ್ಟಗೆ ಕೂರಿಸದೆ ಒಂದು ಮೂಲೆ ಕೆಳಗೆ ಬರುವಂತೆ ಓರೆಯಾಗಿ ಕೂರಿಸುತ್ತಿದ್ದರು. ಕೆಳಗಿನ ಸಾಲಿನ ಎರಡು ಕಲ್ಲುಗಳ ನಡುವೆ ತಾನಾಗಿ ಒಂದು ತಗ್ಗು ಸಿಗುತ್ತದೆ, ಮೇಲಿನ ಕಲ್ಲು ಅದರಲ್ಲಿ ಸಲೀಸಾಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಇಡೀ ಗೋಡೆಗೆ ಮೀನುಬಲೆ ಹರಡಿದ ಹಾಗೆ ಕಾಣುತ್ತದೆ. ಒಳಗೆ ಚಾಚಿದ ಮೊನೆಗಳು ಹಲ್ಲಿನ ಹಾಗೆ ಕಾಂಕ್ರೀಟನ್ನು ಕಚ್ಚಿಕೊಳ್ಳುತ್ತವೆ.

ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ಕಾಲದ ವಿಟ್ರೂವಿಯಸ್ ಕಟ್ಟಡ ಕೆಲಸದ ಬಗ್ಗೆ ಹತ್ತು ಭಾಗಗಳ ಗ್ರಂಥ ಬರೆದವನು. ಅವನಿಗೆ ಈ ಬಲೆಗೋಡೆ ಅಷ್ಟು ಹಿಡಿಸಲಿಲ್ಲ. ಚೆಂದ ಕಾಣುತ್ತದೆ ನಿಜ, ಆದರೆ ಬಿರುಕು ಬಿಡುತ್ತದೆ ಎಂದ. ಅವನ ಆತಂಕ ಅರ್ಥವಾಗುವಂಥದ್ದು. ಓರೆ ಸಾಲುಗಳಲ್ಲಿ ಸಂದುಗಳು ಮೇಲಿನಿಂದ ಕೆಳಕ್ಕೆ ಒಂದೇ ಗೆರೆಯಲ್ಲಿ ಸಾಗುತ್ತವೆ, ಬಿರುಕಿಗೆ ದಾರಿ ಮಾಡಿಕೊಟ್ಟ ಹಾಗೆ. ಆದರೂ ಅವನ ನಂತರ ನೂರು ವರ್ಷಕ್ಕೂ ಜಾಸ್ತಿ ಕಾಲ ಜನ ಇದನ್ನು ಕಟ್ಟಿದರು, ಎಷ್ಟೋ ಗೋಡೆಗಳು ಇನ್ನೂ ನಿಂತಿವೆ. ಒಳಗಿನ ಕಾಂಕ್ರೀಟು ಗಟ್ಟಿಯಾದ ಮೇಲೆ ಚರ್ಮದ ಸಂದುಗಳು ಎತ್ತ ಸಾಗಿದರೂ ಅಷ್ಟೇನೂ ತೊಂದರೆಯಾಗಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಬಲೆಗೋಡೆಗೆ ನಿಜವಾದ ಕಷ್ಟ ಇದ್ದದ್ದು ಮೂಲೆಯಲ್ಲಿ. ಓರೆಯಾಗಿ ಸಾಗುವ ಸಾಲು ಗೋಡೆಯ ಅಂಚಿಗೆ ಬಂದಾಗ ಹೇಗೆ ಮುಗಿಯಬೇಕು? ಅರ್ಧ ಅರ್ಧ ಕಲ್ಲುಗಳು ಉಳಿದುಬಿಡುತ್ತವೆ. ಹಾಗಾಗಿ ಮೂಲೆಗೆ, ಬಾಗಿಲು ಕಿಟಕಿಯ ಪಕ್ಕಕ್ಕೆ ಆಯತದ ಕಲ್ಲು ಅಥವಾ ಇಟ್ಟಿಗೆ ಇಟ್ಟು ಕಟ್ಟಿದರು. ಆಮೇಲೆ ಗೋಡೆಯ ನಡುವೆಯೂ ಅಡ್ಡಡ್ಡವಾಗಿ ಇಟ್ಟಿಗೆ ಪಟ್ಟಿಗಳು ಬಂದವು. ಕೊನೆಗೆ ಇಟ್ಟಿಗೆಯ ಚೌಕಟ್ಟಿನೊಳಗೆ ಬಲೆ ಕೂರಿಸಿದ ಹಾಗೆ ಆಯಿತು. ಈಗಿನವರು ಇದನ್ನು ಓಪುಸ್ ಮಿಕ್ಸ್ಟುಮ್, ಮಿಶ್ರ ಕೆಲಸ, ಎನ್ನುತ್ತಾರೆ. ಟಿವೊಲಿಯಲ್ಲಿರುವ ಹ್ಯಾಡ್ರಿಯನ್ ಚಕ್ರವರ್ತಿಯ ವಿಲ್ಲಾದಲ್ಲಿ ಇದು ಕಣ್ತುಂಬ ಸಿಗುತ್ತದೆ.

ಇನ್ನು ಇಟ್ಟಿಗೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಇದೆ. ತಾನು ಇಟ್ಟಿಗೆಯ ರೋಮನ್ನು ಪಡೆದು ಅಮೃತಶಿಲೆಯ ರೋಮನ್ನು ಬಿಟ್ಟುಹೋಗುತ್ತಿದ್ದೇನೆ ಎಂದು ಆಗಸ್ಟಸ್ ಹೆಮ್ಮೆಪಟ್ಟ ಮಾತು ಪ್ರಸಿದ್ಧ. ಅವನು ಹೇಳಿದ ಇಟ್ಟಿಗೆ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ. ಸುಟ್ಟ ಇಟ್ಟಿಗೆಯ ರೋಮ್ ಶುರುವಾದದ್ದೇ ಅವನ ನಂತರ. ಮೊದಮೊದಲು ಗೋಡೆಗೆ ಹಾಕಿದ್ದು ಕೂಡ ಚಾವಣಿಯ ಚಪ್ಪಟೆ ಹೆಂಚುಗಳು. ಅಂಚು ಒಡೆದು, ತುಂಡು ಮಾಡಿ ಬಳಸುತ್ತಿದ್ದರು. ವಿಟ್ರೂವಿಯಸ್ ಕೊಟ್ಟ ಸಲಹೆ ಎಷ್ಟು ವಿವೇಕದ್ದು ನೋಡಿ: ಹೊಸದಾಗಿ ಸುಟ್ಟದ್ದು ಒಳ್ಳೆಯದೋ ಅಲ್ಲವೋ ತಕ್ಷಣ ಗೊತ್ತಾಗುವುದಿಲ್ಲ, ಚಾವಣಿಯ ಮೇಲೆ ಮಳೆ ಬಿಸಿಲು ತಿಂದು ಉಳಿದ ಹಳೆಯ ಹೆಂಚಿನಿಂದ ಕಟ್ಟಿದರೆ ಗೋಡೆ ಗಟ್ಟಿ. ಆಗಸ್ಟಸ್ ನಂತರದ ಚಕ್ರವರ್ತಿ ಟೈಬೀರಿಯಸ್ ಕಾಲದಲ್ಲಿ, ಸುಮಾರು ಕ್ರಿ.ಶ. 23ರ ಹೊತ್ತಿಗೆ, ಚಕ್ರವರ್ತಿಯ ಕಾವಲು ಪಡೆಗೆ ಕಟ್ಟಿದ ಶಿಬಿರದ ಗೋಡೆ ಇಟ್ಟಿಗೆ ಹೊದಿಸಿದ ದೊಡ್ಡ ಕೆಲಸಗಳಲ್ಲಿ ಮೊದಲಿನದು. 64ರಲ್ಲಿ ರೋಮ್ ಹೊತ್ತಿ ಉರಿದ ಮೇಲೆ ಇಟ್ಟಿಗೆಗೆ ಬೇಡಿಕೆ ಇನ್ನೂ ಏರಿತು. ಬೆಂಕಿಯಲ್ಲಿ ಹುಟ್ಟಿದ್ದು ಬೆಂಕಿಗೆ ಬೇಗ ಬಗ್ಗುವುದಿಲ್ಲ.

ಅವರ ಇಟ್ಟಿಗೆ ನಮ್ಮ ಇಟ್ಟಿಗೆಯಂತೆ ಉದ್ದ ದಿಂಡಲ್ಲ. ಚಪ್ಪಟೆ ಚೌಕ, ದಪ್ಪ ಸುಮಾರು 4 ಸೆಂಟಿಮೀಟರ್. ರೋಮನ್ ಅಡಿ ಅಂದರೆ ಸುಮಾರು 29.6 ಸೆಂಟಿಮೀಟರ್. ಮುಖ್ಯವಾಗಿ ಮೂರು ಅಳತೆ: ಮೂರರಲ್ಲಿ ಎರಡು ಪಾಲು ಅಡಿಯ ಬೆಸ್ಸಾಲಿಸ್, ಒಂದೂವರೆ ಅಡಿಯದು, ಎರಡು ಅಡಿಯ ಬಿಪೆಡಾಲಿಸ್.

ಈಗ ಅವರ ಲೆಕ್ಕಾಚಾರ ನೋಡಿ. ಬೆಸ್ಸಾಲಿಸ್ ಚೌಕದ ಒಂದು ಬದಿ ಸುಮಾರು 20 ಸೆಂಟಿಮೀಟರ್. ಇಡೀ ಇಟ್ಟಿಗೆಯನ್ನು ಹಾಗೇ ಇಟ್ಟರೆ ಗೋಡೆಯ ಮುಖದಲ್ಲಿ 20 ಸೆಂಟಿಮೀಟರ್ ತುಂಬುತ್ತದೆ, ಅಷ್ಟೇ. ಅದನ್ನೇ ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನ ಸಿಗುತ್ತವೆ. ಪ್ರತಿ ತ್ರಿಕೋನದ ಉದ್ದನೆಯ ಬದಿ ಸುಮಾರು 28 ಸೆಂಟಿಮೀಟರ್. ಒಡೆಯುವಾಗ ಪುಡಿಯಾಗಿ, ಒರಟು ಅಂಚನ್ನು ಸರಿಮಾಡಿ ಸ್ವಲ್ಪ ಕಡಿಮೆಯಾಗುತ್ತದೆ ಅನ್ನಿ. ಆ ಉದ್ದ ಬದಿಯನ್ನು ಹೊರಗೆ ಮಾಡಿ ಇಟ್ಟರೆ ಒಂದೇ ಇಟ್ಟಿಗೆಯಿಂದ 50 ಸೆಂಟಿಮೀಟರಿಗೂ ಹೆಚ್ಚು ಮುಖ ತುಂಬುತ್ತದೆ. ಎರಡೂವರೆ ಪಟ್ಟು ಲಾಭ! ಸುಡಲು ಬೇಕಾದ ಸೌದೆ ಎಷ್ಟು ಉಳಿಯಿತು ಯೋಚಿಸಿ. ಇದರ ಜೊತೆಗೆ ತ್ರಿಕೋನದ ಮೊನೆ ಒಳಕ್ಕೆ ಚಾಚಿಕೊಂಡು ಕಾಂಕ್ರೀಟಿನಲ್ಲಿ ಹೂತುಹೋಗುತ್ತದೆ. ಎರಡು ಮೊನೆಗಳ ನಡುವಿನ ಸಂದಿಗೆ ಗಾರೆ ನುಗ್ಗಿ ಗಟ್ಟಿಯಾಗುತ್ತದೆ. ಹೊರಗಿನ ಇಟ್ಟಿಗೆ ಒಳಗಿನ ಕಾಂಕ್ರೀಟಿಗೆ ಹೀಗೆ ಗರಗಸದ ಹಲ್ಲಿನಂತೆ ಹೆಣೆದುಕೊಳ್ಳುತ್ತದೆ.

ಎರಡು ಅಡಿ ದಪ್ಪದ ಗೋಡೆಯನ್ನು ಮೇಲಿನಿಂದ ನೋಡುತ್ತಿದ್ದೇವೆ ಅಂದುಕೊಳ್ಳಿ. ಈ ಬದಿಯಲ್ಲಿ ತ್ರಿಕೋನಗಳ ಸಾಲು, ಆ ಬದಿಯಲ್ಲಿ ಇನ್ನೊಂದು ಸಾಲು. ಎರಡರ ಮೊನೆಗಳೂ ಒಳಮುಖ. ಒಂದೊಂದು ಮೊನೆ ಒಳಗೆ ಹೋಗುವುದು ಸುಮಾರು 14 ಸೆಂಟಿಮೀಟರ್. ನಡುವೆ ಉಳಿದ ಒಂದಡಿಗೂ ಮಿಕ್ಕ ಜಾಗವೆಲ್ಲ ಕಲ್ಲು ಮತ್ತು ಗಾರೆ. ಗೋಡೆ ದಪ್ಪವಾದಷ್ಟೂ ಇಟ್ಟಿಗೆಯ ಪಾಲು ಕಡಿಮೆ. ರೋಮಿನ ಪ್ರಸಿದ್ಧ ಗುಮ್ಮಟದ ದೇವಸ್ಥಾನ ಪ್ಯಾಂಥಿಯನ್. ಅದರ ಸುಮಾರು 6 ಮೀಟರ್ ದಪ್ಪದ ಗೋಡೆಯಲ್ಲಿ ಹೊರಗಿನ ಇಟ್ಟಿಗೆ ನಿಜಕ್ಕೂ ಚರ್ಮದಷ್ಟೇ ತೆಳು.

ಹಲವು ಗೋಡೆಗಳಲ್ಲಿ ಕೆಲವು ಅಡಿಗೊಮ್ಮೆ ಬೇರೆಯದೇ ಒಂದು ವರಸೆ, ಅಂದರೆ ಇಟ್ಟಿಗೆ ಸಾಲು, ಕಾಣುತ್ತದೆ. ಅಲ್ಲಿ ತ್ರಿಕೋನಗಳ ಬದಲು ಎರಡು ಅಡಿಯ ಇಡೀ ಬಿಪೆಡಾಲಿಸ್ ಇಟ್ಟಿಗೆಗಳನ್ನು ಗೋಡೆಯ ಅಗಲಕ್ಕೂ ಹಾಸಿರುತ್ತಾರೆ. ಯಾಕೆ? ಗೋಡೆ ಮಟ್ಟವಾಗಿ ಬಂದಿದೆಯೇ ಎಂದು ನೋಡಿಕೊಳ್ಳಲು ಅದು ಅನುಕೂಲ. ಎರಡು ಬದಿಯ ಚರ್ಮವನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಕೆಲಸದ ಒಂದು ಹಂತ ಮುಗಿದಾಗ ಮುಚ್ಚಳದಂತೆ ಕೂತು ಹಸಿ ಗಾರೆ ಬೇಗ ಒಣಗದಂತೆ ಕಾಪಾಡುತ್ತದೆ. ಎಷ್ಟೋ ಕಡೆ ಈ ವರಸೆಯ ಪಕ್ಕದಲ್ಲೇ ಚಿಕ್ಕ ಚೌಕದ ತೂತುಗಳೂ ಇರುತ್ತವೆ. ಅವು ಸಾರುವೆಯ ಮರಗಳನ್ನು ಸಿಕ್ಕಿಸಿದ ಗೂಡುಗಳು. ಆ ತೂತುಗಳ ಸಾಲನ್ನು ಕಣ್ಣಲ್ಲೇ ಹಿಡಿದು ಮೇಲಕ್ಕೆ ಹೋದರೆ, ಗಾರೆಯವರು ಯಾವ ಎತ್ತರದಲ್ಲಿ ನಿಂತು, ಎಷ್ಟು ಕಟ್ಟಿ, ಮತ್ತೆ ಯಾವ ಎತ್ತರಕ್ಕೆ ಹತ್ತಿದರು ಎಂದು ಲೆಕ್ಕ ಹಾಕಬಹುದು. ಆಳುಗಳ ಹೆಸರು ಶಾಸನಗಳಲ್ಲಿ ಸಿಗುವುದು ಅಪರೂಪ. ಅವರು ನಿಂತ ಜಾಗ ಮಾತ್ರ ಇಲ್ಲಿ ಸಿಗುತ್ತದೆ.

ಇಟ್ಟಿಗೆ ಗೋಡೆಯಲ್ಲಿ ಬಾಗಿಲೇ ಇಲ್ಲದ ಕಡೆ ಕಮಾನು ಕಂಡರೆ ಗಾಬರಿಯಾಗಬೇಡಿ. ಪ್ಯಾಂಥಿಯನ್ ಗೋಡೆಯ ಹೊರಮೈಯಲ್ಲಿ ಇಂಥ ದೊಡ್ಡ ಕಮಾನುಗಳಿವೆ. ಒಳಗೆ ಗೂಡುಗಳಿರುವ ಕಡೆ ಗೋಡೆ ತೆಳ್ಳಗಾಗುತ್ತದೆ, ಮೇಲಿನ ಭಾರವನ್ನು ಆ ಕಮಾನು ಅಕ್ಕಪಕ್ಕದ ಗಟ್ಟಿ ಭಾಗಕ್ಕೆ ದಾಟಿಸುತ್ತದೆ. ಕಾಂಕ್ರೀಟು ಇನ್ನೂ ಹಸಿಯಾಗಿರುವಾಗ ಅದರ ಸಹಾಯ ತುಂಬಾ ಬೇಕು.

ಇಷ್ಟೆಲ್ಲ ಅಚ್ಚುಕಟ್ಟಾಗಿ ಕಟ್ಟಿದ ಇಟ್ಟಿಗೆಯನ್ನು ಅವರು ಸಾಮಾನ್ಯವಾಗಿ ಯಾರಿಗೂ ತೋರಿಸುತ್ತಿರಲಿಲ್ಲ. ಮೇಲೆ ಗಿಲಾವು ಬಳಿಯುತ್ತಿದ್ದರು, ಇಲ್ಲವೇ ಅಮೃತಶಿಲೆಯ ಹಲಗೆ ಹೊದಿಸುತ್ತಿದ್ದರು. ರೋಮಿನ ಹಳೆಯ ಓಸ್ತಿಯಾ ಬಂದರಿನ ಎಪಗಾಥಿಯಾನ ಉಗ್ರಾಣದ ಬಾಗಿಲಿನಂತೆ ಇಟ್ಟಿಗೆಯನ್ನೇ ಅಲಂಕಾರವಾಗಿ ತೋರಿಸಿದ್ದು ಅಪರೂಪ. ಇವತ್ತು ನಾವು ಕೆಂಪು ರೋಮ್ ಎಂದು ನೋಡುವುದು ಬಟ್ಟೆ ಕಳಚಿದ ರೋಮ್.

ಹೀಗೆ ಮುಚ್ಚಿಹೋಗಿದ್ದ ಇಟ್ಟಿಗೆಗಳೇ ಒಂದು ದೊಡ್ಡ ತಪ್ಪನ್ನು ಸರಿಪಡಿಸಿದವು. ಪ್ಯಾಂಥಿಯನ್ ಮುಂಭಾಗದಲ್ಲಿ, ಮೂರು ಸಲ ಕಾನ್ಸಲ್ ಆದ ಅಗ್ರಿಪ್ಪ ಇದನ್ನು ಕಟ್ಟಿಸಿದ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ಕಾನ್ಸಲ್ ಅಂದರೆ ವರ್ಷ ವರ್ಷ ಬದಲಾಗುತ್ತಿದ್ದ ರೋಮಿನ ಹಿರಿಯ ಅಧಿಕಾರಿ. ಅಗ್ರಿಪ್ಪ ಆಗಸ್ಟಸ್‌ನ ಅಳಿಯ. ಹಾಗಾಗಿ ಕಟ್ಟಡ ಕ್ರಿಸ್ತಪೂರ್ವದ್ದು ಎಂದೇ ಬಹುಕಾಲ ನಂಬಿದ್ದರು. 1892ರಲ್ಲಿ ಜಾರ್ಜ್ ಶೆದಾನ್ ಎಂಬ ಫ್ರೆಂಚ್ ವಾಸ್ತುಶಿಲ್ಪಿ ಗೋಡೆಯೊಳಗಿನ ಇಟ್ಟಿಗೆಗಳನ್ನು ಪರೀಕ್ಷಿಸಿದ. ಅವುಗಳ ಮೇಲೆ ಮುದ್ರೆಗಳಿದ್ದವು. ರೋಮಿನ ಸುತ್ತಲಿನ ಇಟ್ಟಿಗೆ ಗೂಡಿನವರು ಹಸಿ ಇಟ್ಟಿಗೆಯ ಮೇಲೆ ಮುದ್ರೆ ಒತ್ತುತ್ತಿದ್ದರು. ಮಣ್ಣಿನ ಜಮೀನು ಯಾರದು, ಗೂಡು ನಡೆಸಿದವರು ಯಾರು, ಕೆಲವು ಸಲ ಆ ವರ್ಷದ ಕಾನ್ಸಲ್‌ಗಳು ಯಾರು ಎಂದು ಅದರಲ್ಲಿರುತ್ತಿತ್ತು. ಕಾನ್ಸಲ್‌ಗಳ ಹೆಸರು ಗೊತ್ತಾದರೆ ವರ್ಷ ಗೊತ್ತಾದ ಹಾಗೆ. 123ನೇ ವರ್ಷದ ಮುದ್ರೆಗಳಂತೂ ಲೆಕ್ಕವಿಲ್ಲದಷ್ಟು ಸಿಗುತ್ತವೆ. ಪ್ಯಾಂಥಿಯನ್ ಇಟ್ಟಿಗೆಗಳು ಹ್ಯಾಡ್ರಿಯನ್ ಕಾಲದವು ಎಂದು ಆಗ ತಿಳಿಯಿತು. ಕೆಲಸ ಅವನಿಗಿಂತ ಹಿಂದಿನ ಟ್ರೇಜನ್ ಕೊನೆಯ ವರ್ಷಗಳಲ್ಲೇ ಶುರುವಾಗಿತ್ತು ಎಂಬ ವಾದ ಈಚೆಗೆ ಬಂದಿದೆ, ಅದಕ್ಕೂ ಆಧಾರ ಇದೇ ಮುದ್ರೆಗಳು. ಅಗ್ರಿಪ್ಪ ಕಟ್ಟಿಸಿದ್ದ ಮೊದಲ ಕಟ್ಟಡ ಬೇರೆ, ಅವನ ಹೆಸರನ್ನು ಗೌರವದಿಂದ ಉಳಿಸಿಕೊಂಡಿದ್ದರು. ಇಂಥ ಮುದ್ರೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಹೆಸರು ದೊಮಿತಿಯಾ ಲುಚಿಲ್ಲಾ. ಆ ಹೆಣ್ಣುಮಗಳು ದೊಡ್ಡ ಇಟ್ಟಿಗೆ ಗೂಡುಗಳ ಒಡತಿ, ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ತಾಯಿ.

ಮುದ್ರೆ ಇಲ್ಲದಿದ್ದರೆ ಸಂದು ನೋಡುತ್ತಾರೆ. ಐದು ಇಟ್ಟಿಗೆ, ಐದು ಗಾರೆ ಸಂದು ಸೇರಿ ಎಷ್ಟು ಎತ್ತರ ಎಂದು ಅಳೆಯುತ್ತಾರೆ. ಒಳ್ಳೆಯ ಕಾಲದ ಗೋಡೆಗಳಲ್ಲಿ ಗಾರೆಯ ಗೆರೆ ತೆಳು. ಕಾಲ ಇಳಿದಂತೆ ಹಳೆಯ ಕಟ್ಟಡ ಕೆಡವಿದ ಒಡಕು ಇಟ್ಟಿಗೆಗಳೇ ಜಾಸ್ತಿಯಾಗಿ, ಗಾರೆ ಇಟ್ಟಿಗೆಯಷ್ಟೇ ದಪ್ಪವಾಗುತ್ತದೆ. ಸುಮಾರು 271ರಲ್ಲಿ ಶುರುವಾಗಿ ರೋಮನ್ನು ಸುತ್ತುವರಿದ 19 ಕಿಲೋಮೀಟರಿನ ಅರೇಲಿಯನ್ ಕೋಟೆಗೂ ಹಳೆಯ ಇಟ್ಟಿಗೆ ಧಾರಾಳವಾಗಿ ಬಳಕೆಯಾಯಿತು. ಟೈಬೀರಿಯಸ್ ಕಾಲದ ಆ ಕಾವಲು ಶಿಬಿರದ ಗೋಡೆಯನ್ನೂ ಕೋಟೆಯೊಳಗೆ ಸೇರಿಸಿಕೊಂಡುಬಿಟ್ಟರು.

ಇಟಲಿಯಿಂದ ಹೊರಗೆ ಹೋದರೆ ಲೆಕ್ಕ ಬದಲಾಗುತ್ತದೆ. ಲಂಡನ್ನಿನ ಟವರ್ ಹಿಲ್ ಹತ್ತಿರ ಉಳಿದಿರುವ ರೋಮನ್ ಕೋಟೆಗೋಡೆಯಲ್ಲಿ ಹೊರಮೈ ಕಲ್ಲಿನದು, ನಡುನಡುವೆ ಕೆಂಪು ಇಟ್ಟಿಗೆ ಪಟ್ಟಿ. ಇವತ್ತಿನ ಇಸ್ತಾಂಬುಲಿನಲ್ಲಿ 5ನೇ ಶತಮಾನದ ಥಿಯೊಡೋಸಿಯಸ್ ಕೋಟೆಯೂ ಹಾಗೇ. ಬಿಳಿ ಸುಣ್ಣಕಲ್ಲಿನ ಸಾಲುಗಳು, ಆಮೇಲೆ ಸಾಮಾನ್ಯವಾಗಿ ಐದು ವರಸೆ ಇಟ್ಟಿಗೆ, ಮತ್ತೆ ಕಲ್ಲು. ಈ ಪಟ್ಟಿಗಳನ್ನು ಬರೀ ಅಲಂಕಾರ ಅಂದುಕೊಳ್ಳಬೇಡಿ. ಇಟ್ಟಿಗೆ ಗೋಡೆಯ ದಪ್ಪಕ್ಕೂ ಅಡ್ಡಲಾಗಿ ಹಾಯ್ದು ಎರಡು ಬದಿಯ ಕಲ್ಲನ್ನು ಬಿಗಿದುಕೊಂಡಿದೆ.

ಈ ಬಿಗಿತ ಯಾಕೆ ಮುಖ್ಯ ಎಂದು ವಿಟ್ರೂವಿಯಸ್ ಮೊದಲೇ ಹೇಳಿದ್ದ. ಗ್ರೀಕರು ಗೋಡೆಯ ಆಚೆಯಿಂದ ಈಚೆವರೆಗೆ ಹಾಯುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಇಡುತ್ತಾರೆ, ನಮ್ಮವರು ಅವಸರದಲ್ಲಿ ಎರಡು ಮುಖ ನಿಲ್ಲಿಸಿ ನಡುವೆ ತುಂಬಿಬಿಡುತ್ತಾರೆ, ಹೀಗಾಗಿ ಒಂದು ಗೋಡೆಯಲ್ಲಿ ಮೂರು ಗೋಡೆಗಳಾಗುತ್ತವೆ ಎಂಬುದು ಅವನ ದೂರು. ಇವತ್ತು ಹಳೆಯ ಗೋಡೆಗಳನ್ನು ರಿಪೇರಿ ಮಾಡುವವರು ಎದುರಿಸುವ ತೊಂದರೆಯೂ ಇದೇ. ನೀರು ಇಳಿದು, ಬೇರು ನುಗ್ಗಿ, ಚರ್ಮ ಮಾಂಸದಿಂದ ಬಿಟ್ಟುಕೊಳ್ಳುತ್ತದೆ.

ಆದರೆ ವಿಟ್ರೂವಿಯಸ್ ಹೇಳಿದ್ದೆಲ್ಲ ಕಟ್ಟಡದಲ್ಲಿ ಹಾಗೇ ನಡೆಯುತ್ತಿತ್ತು ಅಂತಲೂ ಅಲ್ಲ. ಸುಣ್ಣವನ್ನು ಮೊದಲು ನೀರಲ್ಲಿ ಅರಳಿಸಿ ಆಮೇಲೆ ಬಳಸಿ ಎಂದು ಅವನು ಬರೆದ. ರೋಮನ್ ಗಾರೆಯಲ್ಲಿ ಮಾತ್ರ ಅಲ್ಲಲ್ಲಿ ಬಿಳಿ ಸುಣ್ಣದ ಸಣ್ಣ ಉಂಡೆಗಳು ಕಾಣುತ್ತವೆ. ಸರಿಯಾಗಿ ಕಲಸಿಲ್ಲ ಎಂದು ಬಹಳ ಕಾಲ ಅವನ್ನು ಕೆಟ್ಟ ಕೆಲಸದ ಗುರುತಾಗಿ ನೋಡುತ್ತಿದ್ದರು. 2023ರಲ್ಲಿ ಅಮೆರಿಕದ ಎಂಐಟಿಯ ಅದ್ಮಿರ್ ಮಾಸಿಚ್ ಮತ್ತು ಜೊತೆಗಾರರು ಇಟಲಿಯ ಪ್ರಿವೆರ್ನುಮ್ ಊರಿನ ಗೋಡೆಯ ಮಾದರಿ ಪರೀಕ್ಷಿಸಿ ಬೇರೆ ಮಾತು ಹೇಳಿದರು. ಸುಟ್ಟ ಸುಣ್ಣವನ್ನು ಅರಳಿಸದೆ ನೇರವಾಗಿ ಬೂದಿಯ ಜೊತೆ ಸೇರಿಸಿ ನೀರು ಹಾಕಿದ್ದಾರೆ, ಆ ಬಿಸಿಯಲ್ಲೇ ಗಾರೆ ಕಲಸಿದ್ದಾರೆ, ಉಂಡೆಗಳು ಅದರಿಂದ ಉಳಿದವು ಎಂದು. ಮುಂದೆ ಎಂದಾದರೂ ಗೋಡೆ ಬಿರುಕು ಬಿಟ್ಟು ನೀರು ಒಳಗೆ ಬಂದರೆ ಉಂಡೆಯ ಸುಣ್ಣ ಕರಗುತ್ತದೆ, ಬಿರುಕಿನಲ್ಲಿ ಹರಡುತ್ತದೆ, ಮತ್ತೆ ಕಲ್ಲಾಗಿ ಅದನ್ನು ಮುಚ್ಚುತ್ತದೆ. ಇದೇ ರೀತಿ ಮಾಡಿದ ಹೊಸ ಕಾಂಕ್ರೀಟನ್ನು ಬೇಕೆಂದೇ ಸೀಳಿ, ಬಿರುಕಿನ ಮೂಲಕ ನೀರು ಹರಿಸಿ ನೋಡಿದರು. ಎರಡು ವಾರದಲ್ಲಿ ನೀರು ಹರಿಯುವುದು ನಿಂತಿತು.

ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಪೊಂಪೇಯಲ್ಲಿ ಸಿಕ್ಕಿದೆ. ಕ್ರಿ.ಶ. 79ರಲ್ಲಿ ಪಕ್ಕದ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಅಲ್ಲೊಂದು ಮನೆಯ ಕೆಲಸ ಅರ್ಧಕ್ಕೆ ಬಂದಿತ್ತು. ಗೋಡೆ ಪೂರ್ತಿಯಾಗಿರಲಿಲ್ಲ. ಪಕ್ಕದಲ್ಲಿ ಕಡಿದಿಟ್ಟ ಟೂಫ ಕಲ್ಲು, ಜೋಡಿಸಿಟ್ಟ ಹೆಂಚು, ಕೆಲಸದ ಸಾಮಾನುಗಳು. ಅವುಗಳ ನಡುವೆ ಸುಟ್ಟ ಸುಣ್ಣ ಮತ್ತು ಜ್ವಾಲಾಮುಖಿ ಬೂದಿಯನ್ನು ಒಣಗಿದ್ದಂತೆಯೇ ಬೆರೆಸಿ ಮಾಡಿದ ರಾಶಿ. ಅದಕ್ಕೆ ಇನ್ನೂ ನೀರು ಹಾಕಿರಲಿಲ್ಲ.